ವಾರದ ಸಂತೆಗೆ ಒಂದೆಕರೆ ತೋಟ: ಬಿತ್ತನೆ ಲೆಕ್ಕ ಹೀಗೆ

ಎಕರೆ ಪೂರ್ತಿ ಟೊಮೆಟೊ ಹಾಕಿದರೆ ಅದು ಮಂಡಿಯ ಬೆಳೆ. ದರ ಬಿದ್ದ ದಿನ ಕೊಯ್ದ ಕೂಲಿಯೂ ಗಿಟ್ಟುವುದಿಲ್ಲ. ಮನೆಮಂದಿಯೇ ದುಡಿದು, ಹತ್ತಿರದ ಸಂತೆಯಲ್ಲಿ ತಾವೇ ಕೂತು ಮಾರುವವರಿಗೆ ಪ್ರತಿ ವಾರ ಏಳೆಂಟು ಬಗೆಯ ಮಾಲು ಬೇಕು. ಅದಕ್ಕೆ ಬಿತ್ತುವ ದಿನವನ್ನು ಸಂತೆ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತು ಮಾಡಬೇಕು.

ಎಕರೆಗೆ 40 ಗುಂಟೆ. ಸೊಪ್ಪಿಗೆ 8, ತರಕಾರಿಗೆ 20, ಹಣ್ಣಿಗೆ 8 ಗುಂಟೆ ಕೊಡಿ. ಉಳಿದ ನಾಲ್ಕು ಗುಂಟೆ ದಾರಿ, ಗೊಬ್ಬರದ ಗುಂಡಿ, ನೆರಳಿನ ಚಪ್ಪರಕ್ಕೆ ಹೋಗುತ್ತದೆ. ಬೇಲಿಸಾಲಿಗೆ ನುಗ್ಗೆ, ಕರಿಬೇವು, ನಿಂಬೆ.

ವಾರವಾರವೂ ದುಡ್ಡು ಕಾಣಿಸುವುದು ಸೊಪ್ಪು. ಕೊತ್ತಂಬರಿಗೆ ಸುಮಾರು 40 ದಿನ, ಸಬ್ಬಸಿಗೆಗೂ ಹೆಚ್ಚುಕಡಿಮೆ ಅಷ್ಟೇ; ಮೆಂತ್ಯ, ದಂಟಿಗೆ 25ರಿಂದ 30 ದಿನ ಸಾಕು. ಅಂದರೆ ಒಂದು ಸಂತೆಗೆ ಬೇಕಾದ ಕೊತ್ತಂಬರಿಯನ್ನು ಆರು ವಾರ ಮೊದಲು, ಮೆಂತ್ಯ ಮತ್ತು ದಂಟನ್ನು ನಾಲ್ಕು ವಾರ ಮೊದಲು ಬಿತ್ತಿರಬೇಕು. ವಾರಕ್ಕೆ ಅರ್ಧ ಗುಂಟೆ ಕೊತ್ತಂಬರಿ, ಇನ್ನರ್ಧ ಗುಂಟೆಯಲ್ಲಿ ಮಿಕ್ಕ ಸೊಪ್ಪು. ಒಮ್ಮೆಗೇ ನಾಲ್ಕು ಗುಂಟೆ ಬಿತ್ತಿದರೆ ಒಂದು ವಾರ ರಾಶಿ ಉಳಿಯುತ್ತದೆ, ಮುಂದಿನ ಮೂರು ವಾರ ಬುಟ್ಟಿ ಖಾಲಿ. ಪಾಲಕ್ ಮಾತ್ರ ಬೇರೆ ಜಾತಿ: ಬಿತ್ತಿದ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಚಿಗುರುತ್ತದೆ.

ಅರ್ಧ ಗುಂಟೆಗೆ 200 ಗ್ರಾಂ ಕೊತ್ತಂಬರಿ ಬೀಜ. ಕಾಳನ್ನು ಇಡಿಯಾಗಿ ಬಿತ್ತಬೇಡಿ. ಗೋಣಿ ಮೇಲೆ ಹರಡಿ ಹಲಗೆಯಿಂದ ಮೆಲ್ಲಗೆ ಉಜ್ಜಿ ಎರಡು ಬೇಳೆ ಮಾಡಿ. ಒಂದೊಂದು ಬೇಳೆಯಲ್ಲೂ ಒಂದೊಂದು ಮೊಳಕೆ ಇದೆ. ಜೋರಾಗಿ ಒತ್ತಿದರೆ ಬೇಳೆ ಪುಡಿಯಾಗಿ ಬೀಜವೇ ಹಾಳು. ರಾತ್ರಿ ನೆನೆಸಿ, ಬೆಳಗ್ಗೆ ನೆರಳಲ್ಲಿ ಆರಿಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆ ಕಾಣಲು 8ರಿಂದ 12 ದಿನ ಹಿಡಿಯುತ್ತದೆ. ಐದನೇ ದಿನಕ್ಕೇ ಗಾಬರಿಯಾಗಿ ನೀರು ಸುರಿದರೆ ಬುಡ ಕೊಳೆಯುತ್ತದೆ. ಅಂಗಡಿಯ ಸಾಂಬಾರು ಕೊತ್ತಂಬರಿ ಅಗ್ಗವೆಂದು ತಂದರೆ ಮೊದಲು 100 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. 70ಕ್ಕಿಂತ ಕಡಿಮೆ ಮೊಳೆತರೆ ಬೀಜ ಬದಲಿಸಿ. ಮಳೆಗಾಲದಲ್ಲಿ ಅರ್ಧ ಅಡಿ ಎತ್ತರದ ಏರುಮಡಿ ಬೇಕೇ ಬೇಕು. ಏಪ್ರಿಲ್-ಮೇ ಬಿಸಿಲಿಗೆ ನೆರಳು ಪರದೆ ಕಟ್ಟಿ. ಕಟ್ಟಲು ಆಗದಿದ್ದರೆ ಆ ಎರಡು ತಿಂಗಳು ದಂಟಿನ ಪಾಲು ಹೆಚ್ಚಿಸಿ, ದಂಟು ಬಿಸಿಲಿಗೆ ಬಗ್ಗುವುದಿಲ್ಲ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಮರಳು ಬೆರೆಸಿ ಎರಚದಿದ್ದರೆ ಒಂದೇ ಕಡೆ ಗುಂಪು ಬೀಳುತ್ತದೆ.

ತರಕಾರಿಗೂ ಇದೇ ಲೆಕ್ಕ. ಹುರುಳಿಕಾಯಿ, ಮೂಲಂಗಿಯನ್ನು ಹದಿನೈದು ದಿನಕ್ಕೊಮ್ಮೆ, ಬೆಂಡೆಯನ್ನು ಮೂರು ವಾರಕ್ಕೊಮ್ಮೆ ಒಂದೆರಡು ಸಾಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆ ಹಳದಿ ನಂಜು ರೋಗವನ್ನು (ಎಲೆಯ ನರ ಹಳದಿಯಾಗುವ ವೈರಸ್) ತಡೆಯಲೆಂದೇ ರೂಪಿಸಿದ ತಳಿ. ಬೆಂಡೆಯನ್ನು ದಿನ ಬಿಟ್ಟು ದಿನ ಬಿಡಿಸಲೇಬೇಕು. ಮೂರನೇ ದಿನಕ್ಕೆ ನಾರು ಕಟ್ಟಿದರೆ ಗಿರಾಕಿ ತುದಿ ಮುರಿದು ನೋಡಿ ಅಲ್ಲೇ ಬಿಟ್ಟು ಹೋಗುತ್ತಾರೆ.

ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು. ಒಂದರ ಹಿಂದೆ ಇನ್ನೊಂದನ್ನು ಅದೇ ಜಾಗದಲ್ಲಿ ನೆಡಬೇಡಿ. ನೀರಿದ್ದೂ ಗಿಡ ಹಸಿರಾಗಿಯೇ ದಿಢೀರನೆ ಜೋತುಬಿದ್ದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗುಹಿಡಿಯಿರಿ. ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಔಷಧಿಗೆ ದುಡ್ಡು ಸುರಿಯಬೇಡಿ. ಗಿಡ ಕಿತ್ತು ಸುಟ್ಟು, ಅಲ್ಲಿ ಮುಸುಕಿನ ಜೋಳವೋ ರಾಗಿಯೋ ಹಾಕಿ.

ಹಣ್ಣಿನಲ್ಲಿ ಏಲಕ್ಕಿ ಬಾಳೆ, ಪಪ್ಪಾಯಿ ಎರಡೇ ಸಾಕು. ಬಾಳೆಯನ್ನು ಏಳು ಅಡಿ ಅಂತರದಲ್ಲಿ, ತಿಂಗಳಿಗೆ ನಾಲ್ಕೈದು ಕಂದಿನಂತೆ ನೆಟ್ಟರೆ ಗೊನೆಗಳು ಒಟ್ಟಿಗೆ ಬಲಿಯುವುದಿಲ್ಲ. ಪಪ್ಪಾಯಿ ಆರಡಿಗೊಂದು, ಗುಂಟೆಗೆ ಸುಮಾರು 30. ಪಕ್ಕದಲ್ಲಿ ಸೌತೆ, ಕುಂಬಳದ ಬಳ್ಳಿ ಬೇಡ. ಪಪ್ಪಾಯಿಯ ಉಂಗುರ ಚುಕ್ಕೆ ನಂಜು ರೋಗವನ್ನು ಗಿಡಹೇನುಗಳು ಅಲ್ಲಿಂದ ತರುತ್ತವೆ.

ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು, ಕಳೆ ಎರಡೂ ಉಚಿತ. ರಸ ಹೀರುವ ಹುಳಕ್ಕೆ ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಸಿ, ಹತ್ತು ಲೀಟರ್ ಮಾಡಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತದೆ.

ಸೊಪ್ಪನ್ನು ಸಂತೆಯ ಹಿಂದಿನ ಸಂಜೆ, ಬಿಸಿಲು ಇಳಿದ ಮೇಲೆ ಕೀಳಿ. ಬೇರಿನ ಮಣ್ಣು ತೊಳೆದು, ನೀರು ಕೊಡವಿ, ಬಾಳೆನಾರಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿ ಮೇಲೆ ಬೇರು ಕೆಳಗಾಗಿ ನಿಲ್ಲಿಸಿ. ಎಲೆ ಮೇಲೆ ನೀರು ಹೊಯ್ದು ಒತ್ತಾಗಿ ಪೇರಿಸಿದರೆ ಮೆಂತ್ಯ ಬೆಳಗಾಗುವಷ್ಟರಲ್ಲಿ ಬಿಸಿಯೇರಿ ಕೊಳೆಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿರಬೇಕು.

ಉಳಿದ ಸೊಪ್ಪನ್ನು ಪ್ರತಿ ಸಂಜೆ ಅರ್ಧ ಬೆಲೆಗೆ ಕೊಡುವ ರೂಢಿ ಬೇಡ, ಗಿರಾಕಿಗಳು ಸಂಜೆಗೇ ಬರತೊಡಗುತ್ತಾರೆ. ಕಾಯಂ ಬರುವವರಿಗೆ ಕೊಸರು ಹಾಕಿ, ಮಿಕ್ಕಿದ್ದು ದನಕ್ಕೆ. ಎಷ್ಟು ಕಟ್ಟು ಉಳಿಯಿತೆಂದು ಅಂದೇ ಬರೆದಿಡಿ; ಸತತ ಮೂರು ಸಂತೆ ಉಳಿದ ಬಗೆಯನ್ನು ಮುಂದಿನ ಬಿತ್ತನೆಯಲ್ಲಿ ಕಾಲು ಭಾಗ ತಗ್ಗಿಸಿ.