ಐದು ಕಿಲೋ ಮೊಲಕ್ಕೆ ಮನೆ ಅಣಿಮಾಡುವುದು: ಕಾರವಾರದಿಂದ ಶಿರಸಿಯವರೆಗೆ

ಪೇಟೆಯಲ್ಲಿ ಮೊಲದ್ದೆಂದು ಮಾರುವ ಎರಡಡಿ ಪಂಜರ, ಬೆಕ್ಕಿನ ಟ್ರೇ, ಗೋಡೆಗೆ ಸಿಕ್ಕಿಸುವ ನೀರಿನ ಬಾಟಲಿ ಎಲ್ಲವೂ ಒಂದೂವರೆ ಕಿಲೋದ ಮೊಲದ ಅಳತೆಯವು. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ವೈಟ್ ಜೈಂಟ್, ಗ್ರೇ ಜೈಂಟ್ ತಳಿಗಳು ಬೆಳೆದು ನಿಂತಾಗ ನಾಲ್ಕರಿಂದ ಐದು ಕಿಲೋ ತೂಗುತ್ತವೆ. ಅಪ್ಪಟ ಫ್ಲೆಮಿಶ್ ಜೈಂಟ್ ಆರು ಕಿಲೋ ದಾಟುತ್ತದೆ. ಎಂಟು ವಾರದ ಮರಿ ಅಂಗೈಯಲ್ಲಿ ಕೂತಿರುವಾಗ ಇದು ಅಂದಾಜಿಗೆ ಸಿಗುವುದಿಲ್ಲ. ಆದ್ದರಿಂದ ಮರಿ ನೋಡಲು ಹೋಗುವುದಕ್ಕೆ ಮೊದಲೇ ಜಾಗ, ನೆಲ, ಹುಲ್ಲು ಮೂರೂ ಸಿದ್ಧವಾಗಿರಬೇಕು. ಪಂಜರದ ಅಂದಚೆಂದ ಆಮೇಲಿನ ಮಾತು.

ತರುವುದಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಮೊಲ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಯ ರಕ್ತನಾಳಗಳ ಮೂಲಕವೇ ಹೊರಹಾಕುತ್ತದೆ. ಅದಕ್ಕೆ ಹಿತವಾದದ್ದು 15ರಿಂದ 20 ಡಿಗ್ರಿ. 28 ದಾಟಿದರೆ ತೊಂದರೆ ಶುರು, 30ರ ಮೇಲೆ ಗಾಳಿಯಾಡದಿದ್ದರೆ ಜೀವಕ್ಕೇ ಅಪಾಯ. ಮೈ ದೊಡ್ಡದಾದಷ್ಟೂ ಕಾವು ಇಳಿಯುವುದು ನಿಧಾನ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ರಾತ್ರಿಯಾದರೂ ತಂಪಾಗುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಏಪ್ರಿಲ್ ಸೆಕೆಯಲ್ಲಿ ರಾತ್ರಿಯೂ ಬಿಡುವಿಲ್ಲ. ಮಳೆಗಾಲದಲ್ಲಿ ತಂದರೆ ಕಷ್ಟ ಬೇರೆ ಥರದ್ದು: ಒಣಹುಲ್ಲು ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ಬೂಸ್ಟು ಹಿಡಿದಿರುತ್ತದೆ.

ಜಾಗ

ಕೊಟ್ಟಿಗೆಯ ಮೂಲೆ ಬೇಡ. ದನದ ಗಂಜಲದ ಘಾಟು ಮೊಲದ ಮೂಗಿಗೆ ತಡೆಯುವುದಿಲ್ಲ, ಸೀನು-ಸುರಿಕೆ ಹತ್ತಿದರೆ ಬಿಡುವುದೂ ಕಷ್ಟ. ಜೊತೆಗೆ ನೊಣ, ಉಣುಗು. ಬಚ್ಚಲು ಒಲೆಯ ಹೊಗೆ ಬರುವ ಕಡೆಯೂ ಬೇಡ. ತಗಡಿನ ಮಾಡಿನ ಕೆಳಗಂತೂ ಮಧ್ಯಾಹ್ನ ಒಲೆಯೇ. ಹೆಂಚಿನ ಮನೆಯ ಉತ್ತರ ಅಥವಾ ಪೂರ್ವದ ಜಗಲಿ ಒಳ್ಳೆಯದು, ಮನೆಯೊಳಗಿನ ಒಂದು ಕೋಣೆ ಅದಕ್ಕಿಂತ ಒಳ್ಳೆಯದು.

ಅಳತೆ ಕನಿಷ್ಠ ಹತ್ತಡಿ ಉದ್ದ, ಆರೂವರೆ ಅಡಿ ಅಗಲ, ಮೂರಡಿ ಎತ್ತರ. ಮೊಲ ಸಾಲಾಗಿ ಮೂರು ಕುಪ್ಪಳಿಕೆ ಹಾಕುವಷ್ಟು ಉದ್ದವಿರಬೇಕು, ಹಿಂಗಾಲ ಮೇಲೆ ಎದ್ದು ನಿಂತರೆ ಕಿವಿ ಮೇಲೆ ತಾಗಬಾರದು. ಜಗಲಿಯಲ್ಲಾದರೆ ನಾಲ್ಕೂ ಕಡೆ ಮತ್ತು ಮೇಲ್ಗಡೆ ಅರ್ಧ ಇಂಚಿನ ಕಿಂಡಿಯ ವೆಲ್ಡ್ ಮೆಶ್ ಹೊಡೆಯಿರಿ. ಆರು ಮೂಲೆಯ ತೆಳು ಕೋಳಿ ಬಲೆಯನ್ನು ನಾಯಿ ಹಲ್ಲಿನಿಂದಲೇ ಹರಿಯುತ್ತದೆ, ಕಿಂಡಿ ದೊಡ್ಡದಾದರೆ ಹಾವು ನುಸುಳುತ್ತದೆ. ಸಮುದ್ರದ ಬದಿಯ ಉಪ್ಪುಗಾಳಿಗೆ ಸಾದಾ ತಂತಿ ಬೇಗ ತುಕ್ಕು ಹಿಡಿದು ಮುರಿಯುವುದರಿಂದ, ಪಿವಿಸಿ ಹೊದಿಸಿದ್ದು ಅಥವಾ ಸ್ಟೀಲ್‌ನದ್ದು ತಂದರೆ ಎರಡನೇ ಸಲದ ಖರ್ಚು ಉಳಿಯುತ್ತದೆ. ಚಿಲಕ ಎರಡಿರಲಿ. ಕಾಡಂಚಿನ ಮನೆಗಳಲ್ಲಿ ಚಿರತೆ ಅಂಗಳಕ್ಕೆ ಬರುವುದು ಹೊಸತಲ್ಲ. ಅಂಥಲ್ಲಿ ರಾತ್ರಿ ಮೊಲ ಒಳಗೇ ಇರಬೇಕು, ಮೆಶ್ ಎಷ್ಟೇ ಗಟ್ಟಿಯಿದ್ದರೂ. ಹೊರಗೆ ನಿಂತ ಪ್ರಾಣಿಯನ್ನು ಕಂಡ ಗಾಬರಿಗೇ ಮೊಲ ಸಾಯಬಹುದು.

ಒಳಗಾದರೆ ಶತ್ರು ವೈರು. ಇನ್ವರ್ಟರ್, ಫ್ರಿಜ್, ವೈಫೈ ಎಲ್ಲದರ ವೈರನ್ನೂ ನೆಲದಿಂದ ಮೂರಡಿ ಮೇಲೆತ್ತಿ, ಇಲ್ಲವೇ ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿ. ಕೂತಿರುವ ಎತ್ತರಕ್ಕೆ ಅಂದಾಜು ಮಾಡಬೇಡಿ, ಈ ಗಾತ್ರದ ಮೊಲ ಎದ್ದು ನಿಂತು ಎರಡಡಿಗೂ ಮೇಲೆ ಬಾಯಿ ಹಾಕುತ್ತದೆ.

ನೆಲದ್ದೇ ದೊಡ್ಡ ಕೆಲಸ

ನಾಯಿ-ಬೆಕ್ಕಿಗೆ ಇರುವಂಥ ಅಂಗಾಲ ಮೆತ್ತೆ ಮೊಲಕ್ಕಿಲ್ಲ. ಅಂಗಾಲಲ್ಲಿರುವುದು ಬರೀ ಕೂದಲು. ಐದು ಕಿಲೋ ಭಾರ ದಿನವಿಡೀ ಹಿಮ್ಮಡಿಯ ಮೇಲೆ ಬಿದ್ದರೆ ಕೂದಲು ಉದುರಿ, ಚರ್ಮ ಕೆಂಪಾಗಿ, ಕೊನೆಗೆ ಹುಣ್ಣಾಗಿ ಮೂಳೆಗೆ ಇಳಿಯುತ್ತದೆ. ದೊಡ್ಡ ತಳಿಗಳಲ್ಲಿ ಇದು ತುಂಬ ಸಾಮಾನ್ಯ, ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಫಾರಂಗಳ ತಂತಿ ತಳದ ಗೂಡನ್ನು ಮನೆಗೆ ತರಬಾರದು ಎನ್ನುವುದು ಇದಕ್ಕೇ. ಒರಟು ಚಿರೇಕಲ್ಲು, ಬೋಳು ಸಿಮೆಂಟು ಕೂಡ ಉಜ್ಜುತ್ತವೆ. ವಿಟ್ರಿಫೈಡ್ ಟೈಲ್ಸ್ ಉಜ್ಜುವುದಿಲ್ಲ, ಜಾರುತ್ತದೆ: ಓಡಲು ಹೋಗಿ ಕಾಲು ಅಗಲಿಸಿ ಬಿದ್ದ ಮರಿ ಸೊಂಟ ಉಳುಕಿಸಿಕೊಳ್ಳುತ್ತದೆ, ಇಲ್ಲವೇ ಹೆದರಿ ಒಂದು ಮೂಲೆಯಲ್ಲೇ ಕೂತು ಕೊಬ್ಬುತ್ತದೆ.

ಸರಿಯಾದದ್ದು ಎರಡು ಪದರ. ಕೆಳಗೆ ಜಾರದ ರಬ್ಬರ್ ಮ್ಯಾಟು, ಅಂಚು ಕಚ್ಚಲು ಸಿಗದಂತೆ ಹಲಗೆಯ ಕೆಳಗೆ ಒತ್ತಿರಬೇಕು. ಮೇಲೆ ಹತ್ತಿಯ ಜಮಖಾನೆ ಅಥವಾ ಹಳೆಯ ದಪ್ಪ ಕಂಬಳಿ. ಒದ್ದೆಯಾದಾಗ ಬದಲಿಸಲು ಮೂರು ಜೊತೆ ಬೇಕು. ಜುಲೈನಲ್ಲಿ ತೊಳೆದದ್ದು ಒಣಗಲು ಮೂರು ದಿನ ಹಿಡಿಯುತ್ತದೆ. ಗೋಣಿತಾಟು ಸುಲಭವಾಗಿ ಸಿಗುತ್ತದಾದರೂ ಮೊಲ ಅದರ ನಾರು ಎಳೆದು ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಸೆಕೆಗಾಲಕ್ಕೆ ಒಂದು ಬದಿ ಎರಡು-ಮೂರು ನುಣುಪಾದ ಮಣ್ಣಿನ ನೆಲಹೆಂಚು ಹಾಸಿಡಿ, ತನಗೆ ಬೇಕಾದಾಗ ಅದೇ ಹೋಗಿ ಹೊಟ್ಟೆ ಚಾಚಿ ಮಲಗುತ್ತದೆ.

ಹಿಕ್ಕೆಯ ತೊಟ್ಟಿಗೆ ಗಾರೆ ಕಲಸುವ ಪ್ಲಾಸ್ಟಿಕ್ ಟಬ್ಬು ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಹತ್ತುವ ಕಡೆ ಅಂಚನ್ನು ನಾಲ್ಕಿಂಚಿಗೆ ಕೊಯ್ದು ಉಜ್ಜಿರಬೇಕು. ತಳಕ್ಕೆ ನಾಲ್ಕು ಪದರ ಪೇಪರು, ಮೇಲೆ ಬತ್ತದ ಹುಲ್ಲು, ದಿನಕ್ಕೊಮ್ಮೆ ಪೂರ್ತಿ ಬದಲಾವಣೆ. ಸಾಮಿಲ್ಲಿನ ಗರಗಸದ ಹೊಟ್ಟು ಪುಕ್ಕಟೆ ಸಿಕ್ಕರೂ ಬೇಡ, ಧೂಳು ಶ್ವಾಸಕ್ಕೆ ಹೋಗುತ್ತದೆ. ತಿನ್ನುವ ಹುಲ್ಲಿನ ಬುಟ್ಟಿಯನ್ನು ಈ ತೊಟ್ಟಿಯ ತಲೆಗೇ ಕಟ್ಟಿ. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ, ಜಾಗ ತಾನಾಗಿ ಕಲಿಯುತ್ತದೆ. ಮೂತ್ರ ಒಮ್ಮೊಮ್ಮೆ ಕಿತ್ತಳೆ, ಇಟ್ಟಿಗೆ ಕೆಂಪು ಬಣ್ಣದಲ್ಲಿದ್ದರೆ ಸೊಪ್ಪಿನ ಬಣ್ಣ ಇಳಿದದ್ದೇ ಹೆಚ್ಚು, ಗಾಬರಿ ಬೇಡ. ತಿಣುಕುತ್ತ ಹನಿಹನಿಯಾಗಿ ಹೊಯ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಹುಲ್ಲು

ಮೊಲದ ಊಟದಲ್ಲಿ ಐದರಲ್ಲಿ ನಾಲ್ಕು ಪಾಲು ಒಣಹುಲ್ಲು. ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಅಗಿದು ಸವೆಯಬೇಕು. ನಾರಿಲ್ಲದೆ ಹೋದರೆ ಕರುಳಿನ ಚಲನೆ ನಿಲ್ಲುತ್ತದೆ. ಐದು ಕಿಲೋದ ಮೊಲಕ್ಕೆ ದಿನಕ್ಕೆ 200 ಗ್ರಾಂ ಲೆಕ್ಕ ಹಾಕಿ. ಚೆಲ್ಲಿ ಹಾಳಾಗುವುದೂ ಸೇರಿ ತಿಂಗಳಿಗೆ ಏಳೆಂಟು ಕಿಲೋ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂವತ್ತು ಕಿಲೋ ಮೇ ಮುಗಿಯುವುದರೊಳಗೆ ಅಟ್ಟ ಸೇರಿರಬೇಕು.

ಬೇಣದ, ಅಂದರೆ ಹುಲ್ಲುಗಾವಲಿನ, ಕರಡ (ಒಣಹುಲ್ಲು) ಈ ಕೆಲಸಕ್ಕೆ ಆಗುತ್ತದೆ, ಆದರೆ ಆರಿಸಿದ್ದಾಗಿರಬೇಕು. ಕಾಳು ಬಲಿಯುವ ಮೊದಲು, ಇನ್ನೂ ಸ್ವಲ್ಪ ಹಸಿರಿರುವಾಗ ಕೊಯ್ದು ಎರಡು-ಮೂರು ಬಿಸಿಲಿಗೆ ಒಣಗಿಸಿದ್ದು ಉತ್ತಮ. ಬಲಿತು ಬಿಳಚಿದ ಕರಡದಲ್ಲಿ ಸಾರವಿಲ್ಲ, ಜೊತೆಗೆ ಬಟ್ಟೆಗೆ ಚುಚ್ಚಿಕೊಳ್ಳುವಂಥ ಚೂಪು ಊಬು ಇರುತ್ತದೆ. ಅದು ಮೊಲದ ಬಾಯಿಗೂ ಕಣ್ಣಿಗೂ ಚುಚ್ಚುತ್ತದೆ. ಬತ್ತದ ಹುಲ್ಲು ಹಾಸಿಗೆಗೆ ಸರಿ, ಅದೊಂದೇ ಊಟವಾಗಲಾರದು. ಒಳ್ಳೆಯ ಕರಡ ಸಿಗದವರು ಟಿಮೊಥಿ ಹುಲ್ಲನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ; ಅದೂ ಮಳೆಗೆ ಮೊದಲೇ ಬರಲಿ. ತುಂಬಿಡುವುದು ಬಟ್ಟೆಯ ಚೀಲದಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ ಮುಚ್ಚಿದರೆ ಒಳಗೇ ಬೆವೆತು ಬೂಸ್ಟು ಬರುತ್ತದೆ. ಕೊಡುವ ಮೊದಲು ಮೂಸಿ ನೋಡಿ: ಮುಗ್ಗಲು ವಾಸನೆ ಬಂದರೆ ಗೊಬ್ಬರಗುಂಡಿಗೆ.

ಕಾಡಂಚಿನ ಹುಲ್ಲಿನಲ್ಲಿ ಉಣುಗು ಬರುತ್ತದೆ. ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಗಳಲ್ಲಿ ಕಾಣಿಸಿಕೊಳ್ಳುವ ರೋಗ, ಹರಡುವುದೂ ಉಣುಗಿನಿಂದ. ಮಂಗ ಸತ್ತ ಸುದ್ದಿಯಿದ್ದ ಕಡೆಯಿಂದ ಹುಲ್ಲು ತರಲೇಬೇಡಿ.

ಇನ್ನೊಂದು, ತೋಟಿಗರು ಮರೆಯುವಂಥದ್ದು. ಅಡಿಕೆಗೆ ಕೊಳೆ ಔಷಧಿ ಹೊಡೆದ ಮೇಲೆ ತೋಟದ ಹುಲ್ಲು ಮೊಲಕ್ಕೆ ಸಲ್ಲ. ಆ ಔಷಧಿಯಾದ ಬೋರ್ಡೋ ದ್ರಾವಣದಲ್ಲಿರುವುದು 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಅದು ಗೊನೆಯಿಂದ ತೊಟ್ಟಿಕ್ಕಿ ಬುಡದ ಗರಿಕೆಯ ಮೇಲೆ ಕೂತಿರುತ್ತದೆ. ಮಳೆಗಾಲವಿಡೀ ಅಂಗಳದ, ಹಿತ್ತಲಿನ ಹುಲ್ಲು ಮಾತ್ರ ಕೊಯ್ಯಿರಿ.

ಹಸಿ ಸೊಪ್ಪು ದೊಡ್ಡ ಮೊಲಕ್ಕೆ ದಿನಕ್ಕೆ 250 ಗ್ರಾಂ ತನಕ. ಗರಿಕೆ, ಕೊತ್ತಂಬರಿ, ಪುದೀನ, ದಾಸವಾಳದ ಎಲೆ-ಹೂವು, ಮೂಲಂಗಿ ಸೊಪ್ಪು ಸರದಿಯಲ್ಲಿ ಕೊಡಬಹುದು. ಹರಿವೆ, ಬಸಳೆ ಅಪರೂಪಕ್ಕೆ. ಗಜ್ಜರಿ ಹೆಬ್ಬೆರಳ ಗಾತ್ರದ ತುಂಡು, ಬಾಳೆಹಣ್ಣು ಒಂದು ಬಿಲ್ಲೆ, ಅಷ್ಟೇ. ಕೆಸುವಿನ ಎಲೆ, ಕಣಗಿಲೆ, ಎಕ್ಕ, ಉಮ್ಮತ್ತಿ, ಹರಳು (ಔಡಲ), ಲಂಟಾನಾ, ಗೊಬ್ಬರಕ್ಕೆ ನೆಡುವ ಗ್ಲಿರಿಸಿಡಿಯಾ, ಈರುಳ್ಳಿ-ಬೆಳ್ಳುಳ್ಳಿ ಯಾವುದೂ ಬಾಯಿಗೆ ಸಿಗಬಾರದು. ಪತ್ರೊಡೆಗೆ ಕೆಸು ಹೆಚ್ಚಿದ ಮಣೆಯ ಚೂರುಗಳನ್ನು ಮೊಲದ ಬುಟ್ಟಿಗೆ ಸುರಿಯುವುದು ಎಷ್ಟೋ ಮನೆಗಳಲ್ಲಿ ಆಗಿಬಿಡುವ ತಪ್ಪು. ದನದ ಹಿಂಡಿಯೂ ಬೇಡ, ಕೆಲವದರಲ್ಲಿ ಯೂರಿಯಾ ಸೇರಿರುತ್ತದೆ. ಮೊಲದ ಪೆಲೆಟ್ಟು (ಗುಳಿಗೆ ಮೇವು) ಬೆಳೆದ ಮೇಲೆ ಕಿಲೋ ತೂಕಕ್ಕೆ 20ರಿಂದ 25 ಗ್ರಾಂ. ಚೀಟಿಯಲ್ಲಿ ನಾರು ನೂರಕ್ಕೆ 18ಕ್ಕಿಂತ ಕಡಿಮೆಯಿದ್ದರೆ ಅದು ಬೇಗ ತೂಕ ಏರಿಸುವ ಮೇವು, ಸಾಕುಮೊಲಕ್ಕಲ್ಲ. ನೀರು ದಿನಕ್ಕೆ ಅರ್ಧದಿಂದ ಮುಕ್ಕಾಲು ಲೀಟರು, ಭಾರದ ಪಿಂಗಾಣಿ ಬಟ್ಟಲಲ್ಲಿ. ಸೆಕೆಗಾಲಕ್ಕೆ ಎರಡು ಬಟ್ಟಲು.

ಡಾಕ್ಟರು ಮೊದಲು, ಮೊಲ ಆಮೇಲೆ

ತಾಲೂಕಿನ ಪಶು ಆಸ್ಪತ್ರೆಗಳಲ್ಲಿ ಬರುವುದು ಹೆಚ್ಚಾಗಿ ದನ, ಎಮ್ಮೆ, ನಾಯಿ. ಮೊಲ ನೋಡುತ್ತೀರಾ, ಅರಿವಳಿಕೆ ಕೊಟ್ಟು ಅಭ್ಯಾಸವಿದೆಯಾ ಎಂದು ಮುಂಚೆಯೇ ಕೇಳಿಕೊಳ್ಳಿ. ದೊಡ್ಡ ಕೆಲಸಕ್ಕೆ ಶಿರಸಿಯವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜನ್ನು, ಕಾರವಾರದವರು ಗೋವಾವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಎರಡು ವಿಷಯ ನೀವೇ ಬಲ್ಲವರಾಗಿರಬೇಕು. ನಾಯಿಯ ಬೆನ್ನಿಗೆ ಹನಿಸುವ ಫಿಪ್ರೋನಿಲ್ ಔಷಧಿ ಮೊಲಕ್ಕೆ ವಿಷ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಮಾತ್ರೆ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಭೇದಿಯಾಗಿ ಪ್ರಾಣ ಹೋಗಬಹುದು.

ಹೆಣ್ಣಾದರೆ ಗರ್ಭಕೋಶ ತೆಗೆಸುವ ಮಾತನ್ನೂ ಆಗಲೇ ಆಡಿ. ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಹೆಣ್ಣುಮೊಲಗಳಲ್ಲಿ ಬಹಳ. ಶಸ್ತ್ರಕ್ರಿಯೆಗೆ ಮೊದಲು ಮೊಲವನ್ನು ಉಪವಾಸ ಕೆಡವಬಾರದು; ಉಪವಾಸ ಕೆಡವುವುದು ವಾಂತಿಯ ಭಯಕ್ಕೆ, ಮೊಲಕ್ಕೆ ವಾಂತಿಯೇ ಆಗುವುದಿಲ್ಲ. ಗಂಡು-ಹೆಣ್ಣು ಜೋಡಿ ತಂದವರ ಮನೆಯಲ್ಲಿ ಕೂಡಿದ 31 ದಿನಕ್ಕೆ ಎಂಟು-ಹತ್ತು ಮರಿ.

ಆಯುವುದು, ತರುವುದು

ಬೇಣದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಸಾಕಲು ಹೋಗಬೇಡಿ. ಅದು ಬೇರೆಯೇ ಪ್ರಾಣಿ, ಪಳಗುವುದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದೇ ಅಪರಾಧ. ಸಾಕುತಳಿಯಲ್ಲಿ ಎಂಟು ವಾರ ತುಂಬದ್ದನ್ನು ತಾಯಿಯಿಂದ ಬಿಡಿಸಿ ತರಬೇಡಿ. ಮಾರುವವರು ‘ಜೈಂಟ್’ ಎಂದರೆ ತಾಯಿ-ತಂದೆಯನ್ನು ತಕ್ಕಡಿಯ ಮೇಲೆ ಇಟ್ಟು ತೋರಿಸಲಿ. ಮುಂಗಾಲಿನ ಒಳಬದಿ ನೋಡಿ: ಕೂದಲು ಅಂಟಂಟಾಗಿದ್ದರೆ ಮೂಗು ಸುರಿಯುತ್ತಿದೆ, ಅದರಲ್ಲೇ ಒರೆಸಿಕೊಂಡಿದೆ. ಮೇಲಿನ ಮುಂಹಲ್ಲು ಕೆಳಗಿನದರ ಮುಂದೆ ಕೂರಬೇಕು. ಕಿವಿಯೊಳಗೆ ಕಂದು ಹಕ್ಕಳೆ ಇದ್ದರೆ ಕಜ್ಜಿಹುಳ. ಹಿಮ್ಮಡಿಯ ಕೂದಲು ಪೂರ್ತಿ ಇರಬೇಕು, ಬಾಲದ ಬುಡ ಒಣಗಿರಬೇಕು. ಕಿವಿ ಹಿಡಿದು ಎತ್ತಿ ತೋರಿಸುವವರ ಕಡೆಯಿಂದ ತರದಿರುವುದೇ ಒಳ್ಳೆಯದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಕೊಟ್ಟು ನಿಮ್ಮ ಮೈಗೆ ಒತ್ತಿ ಹಿಡಿಯಬೇಕು. ಕುಂಡೆ ತೂಗಾಡಿದರೆ ಒದ್ದ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯುತ್ತದೆ.

ಅದು ಅಲ್ಲಿ ತಿನ್ನುತ್ತಿದ್ದ ಮೇವು ಎರಡು ಕಿಲೋ ಕಟ್ಟಿಸಿಕೊಳ್ಳಿ, ಹತ್ತು-ಹದಿನಾಲ್ಕು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ನಿಮ್ಮದಕ್ಕೆ ಬದಲಿಸಿ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರುವವರು ನಸುಕಿಗೇ ಹೊರಡಿ, ಹತ್ತು ಗಂಟೆಯೊಳಗೆ ಮನೆ ಸೇರಿ. ಪೆಟ್ಟಿಗೆಯಲ್ಲಿ ಜಾರದ ಬಟ್ಟೆ, ಹಿಡಿತುಂಬ ಹುಲ್ಲು, ಟವೆಲ್ಲಿನಲ್ಲಿ ಸುತ್ತಿದ ಮಂಜುಗಡ್ಡೆಯ ಬಾಟಲಿ ಇರಲಿ. ಘಟ್ಟದ ತಿರುವಿನಲ್ಲಿ ಪೆಟ್ಟಿಗೆ ತೊಡೆಯ ಮೇಲಲ್ಲ, ಸೀಟಿನ ಕೆಳಗೆ ಒತ್ತಿ ಕೂತಿರಬೇಕು.

ಮೊದಲ ಮೂರು ದಿನ ಎತ್ತಿ ಆಡಿಸುವುದು, ನೆಂಟರಿಗೆ ತೋರಿಸುವುದು ಯಾವುದೂ ಬೇಡ. ನೋಡಬೇಕಾದದ್ದು ಹಿಕ್ಕೆ. ಹನ್ನೆರಡು ಗಂಟೆ ಹಿಕ್ಕೆ ಇಲ್ಲ, ಮೇವು ಮುಟ್ಟಿಲ್ಲ ಎಂದರೆ ನಾಳೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮಳೆಗಾಲ ಹಿಡಿದ ಮೇಲೆ ದಿನಕ್ಕೆರಡು ಸಲ ಬಾಲದ ಕೆಳಗೆ ಕೈಯಾಡಿಸಿ: ಅಲ್ಲಿ ಹೊಲಸು ಅಂಟಿದ್ದರೆ ನೊಣ ಮೊಟ್ಟೆಯಿಡುತ್ತದೆ, ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಕೊಬ್ಬಿದ ದೊಡ್ಡ ಮೊಲಕ್ಕೆ ತನ್ನ ಹಿಂಭಾಗಕ್ಕೆ ಬಾಯಿ ಎಟುಕದ್ದರಿಂದ ಈ ಅಪಾಯ ಜಾಸ್ತಿ. ಸ್ನಾನ ಮಾಡಿಸಬೇಡಿ, ಹೊಲಸಾದಷ್ಟು ಜಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಕರೆಂಟ್ ಹೋಗಿ ಫ್ಯಾನ್ ನಿಂತ ಮಧ್ಯಾಹ್ನಗಳಿಗೆಂದು ಫ್ರೀಜರಿನಲ್ಲಿ ಎರಡು ಲೀಟರಿನ ನಾಲ್ಕು ಬಾಟಲಿ ನೀರು ಮಾರ್ಚ್‌ನಿಂದ ಮೇ ತನಕ ಸದಾ ಗಟ್ಟಿಯಾಗಿರಲಿ.