ಕೀಫ್ಲವರ್ ಆಡುವುದು ಹೇಗೆ: ಇಟ್ಟ ಆಳು ಎಲ್ಲಿಗೆ ಹೋಗುತ್ತೆ ಅಂತ ಮೊದಲು ತಿಳಿಯಿರಿ

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಕೀಫ್ಲವರ್ ಅನ್ನೋ ಈ ಬೋರ್ಡ್ ಆಟ ಹರವಿಕೊಂಡು ಕೂತಾಗಲೆಲ್ಲ ಹೊಸಬರು ಮಾಡುವ ತಪ್ಪು ಒಂದೇ. ಹರಾಜಿನಲ್ಲಿ ಕಂಡದ್ದಕ್ಕೆಲ್ಲ ಕೂಗುತ್ತಾರೆ, ಎರಡನೇ ಸುತ್ತಿಗೆ ಕೈ ಖಾಲಿ. ಅದಕ್ಕೇ ಅಂಕದ ಲೆಕ್ಕ ಆಮೇಲೆ ಕಲಿಯಿರಿ.

ಇದು ಸೆಬಾಸ್ಟಿಯನ್ ಬ್ಲೀಸ್‌ಡೇಲ್ ಮತ್ತು ರಿಚರ್ಡ್ ಬ್ರೀಸ್ 2012ರಲ್ಲಿ ತಂದ ಆಟ. 2ರಿಂದ 6 ಜನ ಆಡಬಹುದು, ಸುಮಾರು ಎರಡು ತಾಸು ಬೇಕು. ವಸಂತದಿಂದ ಚಳಿಗಾಲದವರೆಗೆ ನಾಲ್ಕು ಸುತ್ತು. ಒಬ್ಬೊಬ್ಬರಿಗೆ 8 ಆಳು, ಅಂದರೆ ಪುಟ್ಟ ಮನುಷ್ಯಾಕಾರದ ಕಾಯಿ, ಕೆಂಪು, ಹಳದಿ, ನೀಲಿ ಯಾವುದು ಬಂದರೆ ಅದು, ಚೀಲದಿಂದ ತೆಗೆದು ಪುಟ್ಟ ಮನೆಯಾಕಾರದ ಮರೆಯ ಹಿಂದೆ ಇಟ್ಟುಕೊಳ್ಳಬೇಕು. ಆರು ಮೂಲೆಯ ಟೈಲುಗಳನ್ನು ಗೆದ್ದು ಊರು ಕಟ್ಟುವುದು ಕೆಲಸ.

ಇಲ್ಲಿ ಆಳೇ ರೊಕ್ಕ, ಆಳೇ ಕೂಲಿ. ಟೈಲಿನ ಅಂಚಿನಲ್ಲಿಟ್ಟರೆ ಸವಾಲು, ಅಂದರೆ ಹರಾಜಿನ ಕೂಗು; ಟೈಲಿನ ಮೇಲಿಟ್ಟರೆ ದುಡಿಮೆ, ಆ ಟೈಲು ಕೊಡುವುದು ನಿಮಗೆ ಸಿಗುತ್ತೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸವಾಲು ನೋಡಿದವರಿಗೆ ಇದು ಬೇಗ ಹಿಡಿಸುತ್ತೆ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಯಾರ ನೋಟಾದರೂ ನಡೆಯುತ್ತೆ. ಇಲ್ಲಿ ಒಂದು ಟೈಲಿಗೆ ಮೊದಲು ಯಾವ ಬಣ್ಣ ಬಿತ್ತೋ ಆ ಸುತ್ತು ಮುಗಿಯುವ ತನಕ ಅದೇ ಬಣ್ಣ, ಸವಾಲಿಗೂ ಅದೇ, ದುಡಿಮೆಗೂ ಅದೇ.

ಹೋದ ವಾರ ಕಟ್ಟಿಗೆ ಕೊಡುವ ಟೈಲಿನ ಮೇಲೆ ನನ್ನ ಕಣ್ಣಿತ್ತು. ಕೈಯಲ್ಲಿ ನಾಲ್ಕು ಕೆಂಪು, ಎರಡು ನೀಲಿ, ಹಳದಿ ಒಂದೂ ಇಲ್ಲ. ನಾನು ಬೇರೆ ಕಡೆ ನೋಡುವಷ್ಟರಲ್ಲಿ ತಮ್ಮ ಒಂದೇ ಒಂದು ಹಳದಿ ಆಳು ತಂದು ಅಂಚಿಗೆ ಇಟ್ಟ. ಮುಗೀತಲ್ವಾ! ನಾಲ್ಕು ಕೆಂಪಿದ್ದೂ ನಾನು ಅದನ್ನು ಮುಟ್ಟುವ ಹಾಗಿಲ್ಲ. ನಿಮಗೆ ಬೇಕೇ ಬೇಕಾದ ಟೈಲಿದ್ದರೆ ಮೊದಲ ಸರದಿಯಲ್ಲೇ ನಿಮ್ಮ ಹತ್ತಿರ ಜಾಸ್ತಿ ಇರುವ ಬಣ್ಣದ ಒಂದು ಆಳು ಹಚ್ಚಿಬಿಡಿ. ನಾಲ್ಕನೇ ಬಣ್ಣವಾದ ಹಸಿರು ಆಳು ಸಿಗುವುದೇ ಅಪರೂಪ, ಸಿಕ್ಕರೆ ಸುಮ್ನೆ ಖರ್ಚು ಮಾಡಬೇಡಿ, ಇಂಥ ಜಾಗಕ್ಕೇ ಎತ್ತಿಡಿ.

ಈಗ ಆಳು ಎಲ್ಲಿಗೆ ಹೋಗುತ್ತೆ ನೋಡಿ. ಸವಾಲು ಗೆದ್ದರೆ ಇಟ್ಟ ಆಳೆಲ್ಲ ಚೀಲಕ್ಕೆ, ನಿಮಗೆ ವಾಪಸ್ ಇಲ್ಲ. ಸೋತರೆ ವಾಪಸ್ ಬರುತ್ತೆ, ಅಷ್ಟೇ ಅಲ್ಲ, ಯಾರಾದರೂ ನಿಮ್ಮನ್ನು ಮೀರಿಸಿದ ಮೇಲೆ ಆ ಗುಂಪನ್ನು ಇಡಿಯಾಗಿ ಎತ್ತಿ ಬೇರೆ ಟೈಲಿಗೆ ಹಾಕಬಹುದು. ದುಡಿಮೆಗೆ ಇಟ್ಟ ಆಳು ಆ ಊರಿನವರದ್ದಾಗುತ್ತೆ: ನಿಮ್ಮ ಊರಲ್ಲಿ ದುಡಿಸಿದರೆ ನಿಮಗೇ ಮರಳುತ್ತೆ, ಪಕ್ಕದವರ ಊರಲ್ಲಿ ದುಡಿಸಿದರೆ ಅವರಿಗೆ ಲಾಭ. ಹರಾಜಿನಲ್ಲಿರುವ ಟೈಲಿನ ಮೇಲೆ ದುಡಿಸಿದ್ದು ಗೆದ್ದವರ ಪಾಲು. ಅಂದರೆ ಗೆಲ್ಲುವುದು ಖಾತ್ರಿ ಅನ್ನಿಸಿದ ಟೈಲಿನಲ್ಲಿ ಮೊದಲು ದುಡಿಸಿಕೊಳ್ಳಿ, ಆ ಆಳು ಟೈಲಿನ ಜೊತೆ ಮನೆಗೇ ಬರುತ್ತೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಒಂದು ಟೈಲಿನಲ್ಲಿ ಎರಡನೇ ಸಲ ದುಡಿಸಲು ಕನಿಷ್ಠ 2 ಆಳು, ಮೂರನೇ ಸಲ 3 ಬೇಕು, ಒಟ್ಟು 6 ದಾಟುವಂತಿಲ್ಲ. ಹಾಗಾಗಿ ಎಲ್ಲರಿಗೂ ಬೇಕಾದ ಕಡೆ ಮೊದಲೇ ಹೋಗಿ, ಒಂದೇ ಆಳಿನಲ್ಲಿ ಮುಗಿಯುತ್ತೆ.

ಚಳಿಗಾಲದ ಟೈಲುಗಳು ಆಟದ ಶುರುವಿನಲ್ಲೇ ಗುಟ್ಟಾಗಿ ನಿಮ್ಮ ಕೈಗೆ ಬಂದಿರುತ್ತವೆ. ಕೊನೆಯ ಹರಾಜಿಗೆ ಅವುಗಳಲ್ಲಿ ಒಂದನ್ನಾದರೂ ಇಡಲೇಬೇಕು. ಅವನ್ನು ವಸಂತದಲ್ಲೇ ಓದಿ, ಅದಕ್ಕೆ ತಕ್ಕಂತೆ ಊರು ಕಟ್ಟಿ. ಆದರೆ ನೀವು ಇಟ್ಟ ಟೈಲು ನಿಮ್ಮದೇ ಅಲ್ಲ, ಅದಕ್ಕೂ ಎಲ್ಲರೂ ಕೂಗಬಹುದು. ಶರತ್ಕಾಲ ಮುಗಿಯುವಾಗ ಒಂದೇ ಬಣ್ಣದ ನಾಲ್ಕೈದು ಆಳು ಮರೆಯ ಹಿಂದೆ ಉಳಿಸಿಕೊಂಡಿರಿ.