ಹಾಲಿನ ಲೆಕ್ಕ ಯಾವ ಕ್ಲಾಸಿನಲ್ಲಿರಬೇಕು?

ಚಿಂತಾಮಣಿ, ಮುಳಬಾಗಿಲು ಕಡೆಯ ಹಳ್ಳಿ ಡೇರಿಗಳಲ್ಲಿ ಬೆಳಗಾಗುತ್ತಲೇ ಕ್ಯಾನು ಹಿಡಿದವರ ಸಾಲು. ಹಾಲು ಅಳೆದು, ಫ್ಯಾಟ್ ನೋಡಿ, ಸಾಂದ್ರತೆ ತಿಳಿಯಲು ಲ್ಯಾಕ್ಟೋಮೀಟರ್ ಇಳಿಬಿಟ್ಟು ಚೀಟಿ ಕೊಡುತ್ತಾರೆ. ಅಂಥ ಒಂದು ಡೇರಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಲೆಕ್ಕದ ಕೋಡ್ ಸ್ಕ್ರೀನಿನಲ್ಲಿರಬೇಕೋ, ಸರ್ವಿಸ್ ಕ್ಲಾಸಿನಲ್ಲೋ, ಡೇಟಾಬೇಸಿನಲ್ಲೋ? ಕ್ಲಾಸ್ ಎಂದರೆ ಒಂದು ವಿಷಯದ ಮಾಹಿತಿಯನ್ನೂ ಅದರ ಕೆಲಸ ಮಾಡುವ ಕೋಡನ್ನೂ (ಮೆಥಡ್) ಒಟ್ಟಿಗಿಟ್ಟ ಅಚ್ಚು; ಆ ಅಚ್ಚಿನಿಂದ ಬರುವ ಒಂದೊಂದೂ ಆಬ್ಜೆಕ್ಟ್.

ಮೊದಲು ಬಿಸಿನೆಸ್ ಲಾಜಿಕ್ ಯಾವುದೆಂದು ಬೇರ್ಪಡಿಸಿ. ಕರೆಂಟ್ ಹೋಗಿ ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಳ್ಳುವಾಗಲೂ ಪಾಲಿಸುವ ನಿಯಮವೆಲ್ಲ ಬಿಸಿನೆಸ್ ಲಾಜಿಕ್. ಚೀಟಿ ಪ್ರಿಂಟ್ ಮಾಡುವುದು, ಎಸ್‌ಎಂಎಸ್ ಕಳಿಸುವುದು ಅದಲ್ಲ.

ಆಮೇಲೆ ಒಂದೊಂದು ನಿಯಮಕ್ಕೂ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಬೇಕಾದ ಮಾಹಿತಿ ಯಾರ ಹತ್ತಿರ ಇದೆ?

ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶದ ಶೇಕಡಾ ಪ್ರಮಾಣ, ತೆಗೆದುಕೊಳ್ಳಿ. ಅದಕ್ಕೆ ಬೇಕಾದದ್ದು ಸಿಎಲ್‌ಆರ್, ಅಂದರೆ ಹಾಲಿನ ಉಷ್ಣಾಂಶಕ್ಕೆ ತಕ್ಕಂತೆ ತಿದ್ದಿದ ಲ್ಯಾಕ್ಟೋಮೀಟರ್ ರೀಡಿಂಗ್, ಮತ್ತು ಫ್ಯಾಟ್. ಎರಡೂ 'ಹಾಲುಶೇಖರಣೆ' ಆಬ್ಜೆಕ್ಟಿನಲ್ಲೇ ಇವೆ, ಆದ್ದರಿಂದ ಮೆಥಡ್ ಅಲ್ಲೇ ಇರಲಿ. ಆದರೆ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. ಸಿಎಲ್‌ಆರ್ 28, ಫ್ಯಾಟ್ 4.0 ಇದ್ದಾಗ, ಸಿಎಲ್‌ಆರ್ ಅನ್ನು 4ರಿಂದ ಭಾಗಿಸಿ, ಫ್ಯಾಟಿನ 0.25 ಪಟ್ಟು ಮತ್ತು 0.44 ಕೂಡಿಸಿದರೆ 8.44 ಬರುತ್ತದೆ. 0.25ರ ಜಾಗದಲ್ಲಿ 0.21, 0.44ರ ಜಾಗದಲ್ಲಿ 0.36 ಹಾಕುವ ರೂಢಿಯೂ ಇದೆ. ಆಗ ಅದೇ ಹಾಲು 8.20. ಸ್ಕ್ರೀನಿನಲ್ಲಿ ಒಂದು, ರಿಪೋರ್ಟಿನಲ್ಲಿ ಇನ್ನೊಂದು ಸೂತ್ರ ಸೇರಿಕೊಂಡರೆ ಹಾಲು ಹಾಕಿದವರಿಗೆ ನಷ್ಟ, ಕಾರ್ಯದರ್ಶಿಗಳ ಮೇಲೆ ಅನುಮಾನ. ಹಾಗಾಗಿ ಈ ಅಂಕಿಗಳನ್ನು 'ಎಸ್‌ಎನ್‌ಎಫ್‌ಸೂತ್ರ' ಎಂಬ ಪುಟ್ಟ ಕ್ಲಾಸಿನಲ್ಲಿಟ್ಟು ಮೆಥಡ್‌ಗೆ ಕೊಡಿ. ಕೋಡಿನಲ್ಲಿ 0.44 ಎಂದು ಹುಡುಕಿದರೆ ಒಂದೇ ಕಡೆ ಸಿಗಬೇಕು.

ದರದ ಮಾತು ಬೇರೆ. ಯಾವ ಫ್ಯಾಟಿಗೆ ಎಷ್ಟು ಎಂಬುದು ಒಂದು ಶೇಖರಣೆಗೆ ಗೊತ್ತಿರುವ ವಿಷಯವಲ್ಲ. ಅದು 'ದರಪಟ್ಟಿ'ಯ ಕೆಲಸ. ದರ ಯಾವ ದಿನಾಂಕದ ಯಾವ ಹೊತ್ತಿನಿಂದ ಜಾರಿ ಎಂಬುದೂ ಅಲ್ಲೇ ಇರಲಿ. ಸಿಕ್ಕ ದರವನ್ನು ಶೇಖರಣೆಯಲ್ಲಿ ಬರೆದಿಡಿ; ಇಲ್ಲದಿದ್ದರೆ ಮುಂದೆ ದರ ಪರಿಷ್ಕರಿಸಿದ ದಿನ ಹಳೆಯ ಚೀಟಿಗಳ ಮೊತ್ತವೂ ಬದಲಾಗಿ ಕೂರುತ್ತದೆ.

ಬಟವಾಡೆಯಲ್ಲಿ ಪಶು ಆಹಾರದ ಬಾಕಿ, ಸಾಲದ ಕಂತು ಕಳೆಯಬೇಕು. ಕಡಿತ ಹಾಲಿನ ಹಣವನ್ನು ಮೀರಬಾರದು. 'ಬಟವಾಡೆ' ಕ್ಲಾಸಿನಲ್ಲಿ ಕಡಿತಕ್ಕೆ ಸೆಟರ್ (ಹೊರಗಿನಿಂದ ಅಂಕಿ ತುಂಬುವ ಮೆಥಡ್) ಇಟ್ಟರೆ ಯಾವ ಕೋಡ್ ಬೇಕಾದರೂ ಏನು ಬೇಕಾದರೂ ತುಂಬಬಹುದು. ಸೆಟರ್ ತೆಗೆಯಿರಿ. 'ಕಡಿತಸೇರಿಸು' ಎಂಬ ಮೆಥಡ್ ಕೊಟ್ಟು, ಮೊತ್ತ ಮೀರಿದರೆ ಅದು ಒಪ್ಪದಂತೆ ಮಾಡಿ. ಬರೀ ಗೆಟರ್ (ಅಂಕಿ ಓದುವ ಮೆಥಡ್), ಸೆಟರ್ ಹೊತ್ತ ಕ್ಲಾಸುಗಳ ವಿನ್ಯಾಸವನ್ನು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2003ರಲ್ಲಿ 'ಅನೀಮಿಕ್' ಎಂದು ಕರೆದರು. ರಕ್ತಹೀನತೆ ಎಂಬ ಆ ಹೋಲಿಕೆ ಸರಿಯಾಗಿಯೇ ಇದೆ: ಕ್ಲಾಸು ನೋಡಲು ಇರುತ್ತದೆ, ಕೆಲಸ ಮಾಡುವ ತ್ರಾಣ ಇರುವುದಿಲ್ಲ.

ಹಾಗಾದರೆ ಸರ್ವಿಸ್ ಕ್ಲಾಸ್ ಯಾಕೆ? ಸದಸ್ಯರನ್ನೂ ದರಪಟ್ಟಿಯನ್ನೂ ಡೇಟಾಬೇಸಿನಿಂದ ತರುವುದು, ಆಬ್ಜೆಕ್ಟಿಗೆ ಕೆಲಸ ಹೇಳುವುದು, ಸೇವ್ ಮಾಡುವುದು, ಚೀಟಿಗೆ ಕಳಿಸುವುದು. ಅಷ್ಟೇ. ಅಲ್ಲಿ ಫ್ಯಾಟ್ ಹೋಲಿಸುವ 'ಇಫ್' ಕಂಡರೆ ಅದರ ಜಾಗ ಬೇರೆ ಎಂದರ್ಥ.

ಒಂದೇ ಆಬ್ಜೆಕ್ಟಿಗೆ ನಿಲುಕದ ನಿಯಮಗಳೂ ಇವೆ. ಒಬ್ಬ ಸದಸ್ಯರಿಗೆ ಒಂದು ಹೊತ್ತಿಗೆ ಒಂದೇ ನಮೂದು ಎಂಬ ನಿಯಮವಿದ್ದರೆ, ಬೇರೆ ನಮೂದುಗಳನ್ನೂ ನೋಡಬೇಕು. ಸರ್ವಿಸ್‌ನಲ್ಲಿ ಪರೀಕ್ಷಿಸಿ, ಜೊತೆಗೆ ಡೇಟಾಬೇಸಿನಲ್ಲಿ ಯುನಿಕ್ ಕನ್‌ಸ್ಟ್ರೇಂಟ್ (ಅದೇ ನಮೂದು ಎರಡನೆಯ ಸಲ ಬಂದರೆ ಒಪ್ಪದ ನಿರ್ಬಂಧ) ಹಾಕಿ. ಎರಡು ಕೌಂಟರಿನಿಂದ ಒಂದೇ ಕ್ಷಣಕ್ಕೆ ನಮೂದು ಬಂದರೆ ಸರ್ವಿಸ್‌ನ ಪರೀಕ್ಷೆ ಎರಡಕ್ಕೂ 'ಸರಿ' ಎನ್ನಬಹುದು. ಆಗ ಡೇಟಾಬೇಸ್ ಒಂದೇ ತಡೆಯುವುದು.

ಪೈಸೆ ಲೆಕ್ಕದಲ್ಲಿ ಎಡವುವವರೇ ಹೆಚ್ಚು. 4.3 ಲೀಟರ್, ದರ 33.15 ರೂಪಾಯಿ ಎಂದರೆ 142.545. ಚೀಟಿಯಲ್ಲಿ 142.55 ಎಂದು ಬರುತ್ತದೆ. 15 ದಿನಕ್ಕೆ ಬೆಳಗ್ಗೆ, ಸಂಜೆ ಸೇರಿ ಇಂಥ 30 ಚೀಟಿ ಕೂಡಿದರೆ 4276.50. ಬಟವಾಡೆ ಮಾತ್ರ ದುಂಡು ಮಾಡದ ಅಂಕಿಗಳನ್ನೇ ಕೂಡಿದರೆ 4276.35. ಚೀಟಿಗಳನ್ನು ಜೋಪಾನ ಮಾಡಿ ಕೂಡಿ ನೋಡುವವರಿಗೆ ಆ 15 ಪೈಸೆ ಕಂಡೇ ಕಾಣುತ್ತದೆ. ದುಂಡು ಮಾಡುವ ನಿಯಮ 'ಹಣ' ಎಂಬ ಒಂದೇ ಕ್ಲಾಸಿನಲ್ಲಿರಲಿ. ಚೀಟಿಯ ಹಂತದಲ್ಲೇ ದುಂಡು ಮಾಡಿ, ಬಟವಾಡೆ ಅದನ್ನೇ ಕೂಡಲಿ. ಹಣಕ್ಕೆ 'ಡಬಲ್' ಬೇಡ, ಅದು ದಶಮಾಂಶಗಳನ್ನು ಅಂದಾಜಾಗಿ ಮಾತ್ರ ಇಡುವ ಸಂಖ್ಯೆಯ ಬಗೆ. ಜಾವಾ ಭಾಷೆಯಾದರೆ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ 'ಬಿಗ್‌ಡೆಸಿಮಲ್' ಬಳಸಿ.

ಈಗಾಗಲೇ ಓಡುತ್ತಿರುವ ಸಾಫ್ಟ್‌ವೇರ್ ಆದರೆ ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ. ಒಂದು ತಿಂಗಳ ಹಳೆಯ ಚೀಟಿಗಳ ಅಂಕಿಗಳನ್ನೇ ಟೆಸ್ಟ್ ಮಾಡಿಕೊಳ್ಳಿ. ಎಸ್‌ಎನ್‌ಎಫ್ ಒಂದನ್ನೇ ಮೊದಲು ಅದರ ಜಾಗಕ್ಕೆ ಸರಿಸಿ, ಟೆಸ್ಟ್ ಓಡಿಸಿ, ಆಮೇಲೆ ದರಕ್ಕೆ ಕೈ ಹಾಕಿ. ಒಂದು ಪೈಸೆ ವ್ಯತ್ಯಾಸ ಬಂದರೂ ಅಲ್ಲೇ ನಿಂತು ಹುಡುಕಿ. ಹಳೆಯ ಕೋಡಿನಲ್ಲಿ ಎರಡನೆಯ ಸೂತ್ರ ಎಲ್ಲೋ ಅಡಗಿರಬಹುದು. ಯಾವುದು ಸರಿ ಎಂದು ಕಾರ್ಯದರ್ಶಿಗಳನ್ನು ಕೇಳಿ ಖಚಿತವಾಗುವ ತನಕ ಎರಡನ್ನೂ ಅಳಿಸಬೇಡಿ.